ಋಣವೂ ಅಪಹ್ನವವೂ: ಭದ್ರತಾನುಮತಿಯ ಅರ್ಹತಾವಿಚಾರ

೧

ರಾಜ್ಯದ ರಹಸ್ಯವನ್ನು ಯಾರಿಗೆ ಒಪ್ಪಿಸಬಹುದು, ಯಾರಿಗೆ ಒಪ್ಪಿಸಲಾಗದು ಎಂಬ ಪ್ರಶ್ನೆಯು ರಾಜ್ಯವೆಂಬುದು ಹುಟ್ಟಿದಂದಿನಿಂದಲೂ ಇರತಕ್ಕದ್ದು. ನಮ್ಮ ದಂಡನೀತಿಕಾರರು ಇದನ್ನು ಅಮಾತ್ಯರ ಶೌಚಪರೀಕ್ಷೆಯೆಂಬ ಪ್ರಕರಣದಲ್ಲಿ ವಿಚಾರಮಾಡಿದರು. ಈಗಿನ ಕಾಲದಲ್ಲಿ ಇದೇ ಪ್ರಶ್ನೆಯನ್ನು ಲಿಖಿತ ನಿಯಮಗಳಿಂದ ಬಂಧಿಸಿ ವಿಸ್ತಾರವಾಗಿ ವಿವೇಚಿಸಿರುವ ದೇಶಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ಒಂದು. ಅಲ್ಲಿ ಸರ್ಕಾರದ ಗುಪ್ತ ವಿಷಯಗಳನ್ನು ತಿಳಿಯಲು ಒಬ್ಬನು ಅರ್ಹನೆಂದು ಮಾಡುವ ನಿರ್ಣಯಕ್ಕೆ ‘ಸೆಕ್ಯುರಿಟಿ ಕ್ಲಿಯರೆನ್ಸ್’ ಎಂದು ಹೆಸರು. ಅದನ್ನು ಈ ಲೇಖನದಲ್ಲಿ ‘ಭದ್ರತಾನುಮತಿ’ ಎಂದು ವ್ಯವಹರಿಸುವೆನು.

ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನಿಗೆ ಈ ವಿಷಯದಲ್ಲಿ ಪ್ರವೃತ್ತಿ ಹೇಗೆ ಉಂಟಾಯಿತೆಂದು ವಾಚಕರು ಕೇಳಬಹುದು. ಪೂರ್ವದಲ್ಲಿ ನನ್ನಲ್ಲಿ ಕಾವ್ಯಪಾಠ ಮಾಡಿದ ಶಿಷ್ಯನೊಬ್ಬನು ಆ ದೇಶದಲ್ಲಿ ನೆಲೆಸಿ ಅಲ್ಲಿಯ ಪೌರತ್ವವನ್ನು ಪಡೆದಿರುವನು. ಭದ್ರತಾನುಮತಿಯನ್ನು ಅಪೇಕ್ಷಿಸುವ ಉದ್ಯೋಗವೊಂದು ಅವನಿಗೆ ಲಭಿಸುವ ಸಂದರ್ಭ ಬಂದಾಗ ಅವನು ನನಗೆ ಒಂದು ಕಾಗದ ಬರೆದನು. ತಂದೆಯ ಕೊನೆಗಾಲದ ಚಿಕಿತ್ಸೆಗಾಗಿ ಮಾಡಿದ ಸಾಲವು ಬೆಳೆದು ಕೆಲವು ತಿಂಗಳು ಕಂತು ತಪ್ಪಿತ್ತಂತೆ. “ಇದನ್ನು ಅವರ ಪತ್ರದಲ್ಲಿ ಬರೆಯಲೆ, ಬಿಡಲೆ? ಬರೆದರೆ ಕೆಲಸವೂ ಹೋಗುವುದು, ಮನೆತನದ ಮರ್ಯಾದೆಯೂ ಹೋಗುವುದು. ತಾವು ಏನು ಹೇಳುವಿರಿ?” ಎಂದು ಅವನ ಪ್ರಶ್ನೆ. ಸತ್ಯವನ್ನೇ ಬರೆ ಎಂದು ಉತ್ತರಿಸುವುದು ಸುಲಭ. ಆದರೆ ಸತ್ಯ ಹೇಳಿದವನಿಗೆ ಆ ನಿಯಮಗಳು ಏನು ಮಾಡುತ್ತವೆಂಬುದನ್ನು ತಿಳಿಯದೆ ಹಾಗೆ ಉತ್ತರಿಸುವುದು ಗುರುವಿಗೆ ಉಚಿತವಲ್ಲವೆಂದು ತೋರಿತು. ಆದಕಾರಣ ಆ ನಿಯಮಗಳನ್ನು ತರಿಸಿ ಓದಿದೆನು. ಓದಿದಾಗ ಕಂಡುಬಂದ ತತ್ತ್ವವು ನಮ್ಮ ಧರ್ಮಶಾಸ್ತ್ರಕಾರರ ಒಂದು ವಿವೇಕಕ್ಕೆ ಬಹಳ ಸಮೀಪವಾಗಿದ್ದುದರಿಂದ ಇಲ್ಲಿ ನಿರೂಪಿಸಲು ಸಾಹಸಮಾಡಿದ್ದೇನೆ.

ಆ ತತ್ತ್ವವಿಷ್ಟೆ: ಋಣವು ಒಂದು ಸ್ಥಿತಿ, ಅಪಹ್ನವವು ಒಂದು ಕ್ರಿಯೆ. ಸ್ಥಿತಿಗೆ ಸಮಾಧಾನವುಂಟು, ಬುದ್ಧಿಪೂರ್ವಕವಾದ ಮರೆಮಾಚುವಿಕೆಗೆ ಸಮಾಧಾನವು ಬಹು ದುರ್ಲಭ.

೨

ಮೊದಲು ಭದ್ರತಾನುಮತಿಯ ಸ್ವರೂಪವನ್ನು ಹೇಳಬೇಕು. ಗುಪ್ತ ವಿಷಯಗಳನ್ನು ಅವರು ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ: ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್. ಹೊರಬಿದ್ದರೆ ರಾಷ್ಟ್ರಕ್ಕೆ ಎಷ್ಟು ಹಾನಿಯಾಗುವುದೆಂಬ ತಾರತಮ್ಯವೇ ಈ ವಿಭಾಗಕ್ಕೆ ಆಧಾರ. ೧೯೫೩ನೆಯ ಏಪ್ರಿಲ್ ತಿಂಗಳಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರು ಹೊರಡಿಸಿದ ೧೦೪೫೦ನೆಯ ಆಜ್ಞೆಯು ಸರ್ಕಾರದ ನೌಕರನಲ್ಲಿ ರಾಜ್ಯನಿಷ್ಠೆ ಮಾತ್ರವೇ ಸಾಲದು, ವಿಶ್ವಸನೀಯತೆ ಮತ್ತು ಸಚ್ಚಾರಿತ್ರ್ಯಗಳೂ ಇರಬೇಕೆಂದು ವಿಧಿಸಿತು. ೧೯೯೫ನೆಯ ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ೧೨೯೬೮ನೆಯ ಆಜ್ಞೆಯು ಗುಪ್ತ ವಿಷಯಗಳ ಪ್ರಾಪ್ತಿಗೆ ಸಂಬಂಧಿಸಿದ ನಿಯಮಗಳನ್ನು ಏಕರೂಪಕ್ಕೆ ತಂದಿತಲ್ಲದೆ, ಕೆಲವು ಮುಖ್ಯ ಸ್ಥಾನಗಳಲ್ಲಿರುವವರು ತಮ್ಮ ಧನಸ್ಥಿತಿಯನ್ನು ಪ್ರಕಟಿಸಬೇಕೆಂಬ ಕಟ್ಟಳೆಯನ್ನೂ ಸೇರಿಸಿತು.

ಈಗ ಪ್ರಮಾಣವಾಗಿರುವ ನಿರ್ಣಯಸೂತ್ರಗಳು ೨೦೧೬ನೆಯ ಡಿಸೆಂಬರಿನಲ್ಲಿ ಹೊರಟು ೨೦೧೭ನೆಯ ಜೂನ್ ೮ರಿಂದ ಜಾರಿಗೆ ಬಂದವು. ಇವು ಹದಿಮೂರು ಪ್ರಕರಣಗಳು. ರಾಜ್ಯನಿಷ್ಠೆ, ಪರರಾಷ್ಟ್ರದ ಪ್ರಭಾವ, ಮದ್ಯಪಾನ, ಮಾದಕದ್ರವ್ಯ, ಅಪರಾಧ ಮೊದಲಾದುವು ಒಂದೊಂದು ಪ್ರಕರಣದ ವಿಷಯ. ಇವುಗಳಲ್ಲಿ ಐದನೆಯದು ವೈಯಕ್ತಿಕ ನಡತೆ, ಆರನೆಯದು ಧನವಿಚಾರ. ಸುಳ್ಳು ಐದನೆಯದಕ್ಕೂ ಸಾಲವು ಆರನೆಯದಕ್ಕೂ ವಿಷಯವಾಗುತ್ತವೆ. ಸೂತ್ರಕಾರರು ಇವೆರಡನ್ನೂ ಬೇರೆಬೇರೆಯಾಗಿ ಪಠಿಸಿರುವುದನ್ನು ವಾಚಕರು ಗಮನಿಸತಕ್ಕದ್ದು. ಮುಂದಿನ ವಿವೇಚನೆಗೆಲ್ಲ ಈ ಭೇದವೇ ಮೂಲ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಭದ್ರತಾನುಮತಿಯು ಯಾರಿಗೂ ಹಕ್ಕಲ್ಲ. ಇಂಥ ಅನುಮತಿಯನ್ನು ಕೊಡುವುದೂ ಬಿಡುವುದೂ ಕಾರ್ಯಾಂಗದ ವಿವೇಚನೆಗೆ ಸೇರಿದ್ದೆಂದು ಆ ದೇಶದ ಶ್ರೇಷ್ಠ ನ್ಯಾಯಾಲಯವು ೧೯೮೮ರಲ್ಲಿ ಈಗನ್ ಎಂಬವರ ವ್ಯವಹಾರದಲ್ಲಿ ತೀರ್ಮಾನಿಸಿತು. ಅಪರಾಧವಿಚಾರದಲ್ಲಿ ಸಂಶಯದ ಪ್ರಯೋಜನವು ಆರೋಪಿಗೆ ಸಲ್ಲುವುದು ಪ್ರಸಿದ್ಧ. ಇಲ್ಲಿಯಾದರೋ ಸಂಶಯವು ಉಳಿದರೆ ಅದು ರಾಷ್ಟ್ರದ ಪಕ್ಷಕ್ಕೆ ಸಲ್ಲುತ್ತದೆ. ದಂಡನೆಯಲ್ಲಿ ವಿಚಾರಿಸತಕ್ಕದ್ದು ಹಿಂದೆ ನಡೆದ ದೋಷ; ಇಲ್ಲಿ ವಿಚಾರಿಸತಕ್ಕದ್ದು ಮುಂದೆ ಆಗಬಹುದಾದ ಅನರ್ಥ. ಈ ಪ್ರಯೋಜನಭೇದದಿಂದಲೇ ಪ್ರಮಾಣಭೇದವು ಬಂದಿದೆ.

೩

ಸಾಲಕ್ಕೂ ರಹಸ್ಯಕ್ಕೂ ಏನು ಸಂಬಂಧ? ಸೂತ್ರಗಳು ಎರಡು ಕಾರಣಗಳನ್ನು ಕೊಡುತ್ತವೆ. ತನ್ನ ಆದಾಯದ ಮಿತಿಯಲ್ಲಿ ಬಾಳದೆ, ಮಾಡಿದ ಸಾಲವನ್ನು ತೀರಿಸದೆ ಇರುವವನಲ್ಲಿ ಆತ್ಮನಿಗ್ರಹವೂ ವಿವೇಕವೂ ನಿಯಮಪಾಲನೆಯೂ ಕಡಮೆಯಾಗಿರಬಹುದೆಂಬುದು ಒಂದು. ಸಾಲದಲ್ಲಿ ಮುಳುಗಿದವನು ಹಣಕ್ಕಾಗಿ ಅಕಾರ್ಯಕ್ಕೆ ಇಳಿಯುವ ಅಪಾಯವು ಹೆಚ್ಚೆಂಬುದು ಇನ್ನೊಂದು. ಮೊದಲನೆಯದು ಶೀಲವನ್ನು ಕುರಿತದ್ದು, ಎರಡನೆಯದು ಪ್ರಲೋಭನವನ್ನು ಕುರಿತದ್ದು.

ಈ ಎರಡನೆಯ ಕಾರಣವು ನಮಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳವರು ೧೯೦೫ರಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಮುದ್ರಿಸಿದ ಕೌಟಿಲೀಯ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ಶತ್ರುಗಳು ಒಡೆಯಬಹುದಾದ ಜನರನ್ನು ಕ್ರುದ್ಧರು, ಲುಬ್ಧರು, ಭೀತರು, ಮಾನಿಗಳು ಎಂದು ನಾಲ್ಕು ವರ್ಗ ಮಾಡಿ ಹೇಳಿದೆ. ಇವರಲ್ಲಿ ಲುಬ್ಧವರ್ಗದ ವಿವರಣೆಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ಎಣಿಸಲ್ಪಟ್ಟವರೆಲ್ಲರೂ ಸ್ವಭಾವದಿಂದ ಆಸೆಬುರುಕರಲ್ಲ. ಐಶ್ವರ್ಯ ಕ್ಷೀಣಿಸಿದವನು, ಸ್ವತ್ತನ್ನು ಕಳೆದುಕೊಂಡವನು, ವ್ಯಸನಗಳಿಗೆ ಬಿದ್ದವನು, ಮಿತಿಮೀರಿದ ವ್ಯವಹಾರಕ್ಕೆ ಕೈಯಿಟ್ಟವನು ಇವರೂ ಆ ವರ್ಗದಲ್ಲಿಯೇ ಸೇರುತ್ತಾರೆ. ಲೋಭವು ಹುಟ್ಟುಗುಣವಾಗಿಯೇ ಬರಬೇಕಾಗಿಲ್ಲ, ಕಷ್ಟದಿಂದಲೂ ಬರಬಹುದೆಂಬುದು ಕೌಟಿಲ್ಯನ ಅಭಿಪ್ರಾಯ. ಅಮೆರಿಕದ ಸೂತ್ರಗಳಲ್ಲಿಯೂ ಜೂಜಿನ ಸಾಲ, ಆದಾಯವನ್ನು ಮೀರಿದ ವೆಚ್ಚ, ತೀರಿಸಲಾಗದ ಬಾಕಿ ಇವು ಪ್ರತ್ಯೇಕ ಪ್ರತ್ಯೇಕವಾಗಿ ಉಕ್ತವಾಗಿವೆ.

ಈ ಭಯವು ಕೇವಲ ಊಹೆಯಲ್ಲವೆಂಬುದಕ್ಕೆ ಆ ದೇಶದ ಇತಿಹಾಸದಲ್ಲಿ ನಿದರ್ಶನಗಳುಂಟು. ನೌಕಾದಳದ ಜಾನ್ ವಾಕರ್ ಎಂಬವನು ತಾನು ನಡೆಸುತ್ತಿದ್ದ ಪಾನಗೃಹದ ವ್ಯಾಪಾರವು ನಷ್ಟಕ್ಕೆ ಬಿದ್ದ ಕಾಲದಲ್ಲಿ ಸೋವಿಯತ್ ರಾಯಭಾರಿ ಕಚೇರಿಯನ್ನು ಹೊಕ್ಕು ಗುಪ್ತಲಿಪಿಯ ಕೀಲಿಗಳನ್ನು ಮಾರಲಾರಂಭಿಸಿದನು. ೧೯೮೫ನೆಯ ಮೇ ತಿಂಗಳಲ್ಲಿ ಸೆರೆ ಸಿಕ್ಕುವವರೆಗೆ, ಎಂದರೆ ಹದಿನೇಳು ವರ್ಷಕ್ಕೂ ಮೇಲ್ಪಟ್ಟು, ಈ ವ್ಯಾಪಾರ ನಡೆಯಿತು. ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷ ಸೇವೆ ಮಾಡಿದ್ದ ರೊನಾಲ್ಡ್ ಪೆಲ್ಟನ್ ಎಂಬವನು ೧೯೭೯ರಲ್ಲಿ ದಿವಾಳಿಯಾಗಿ ಕೆಲಸವನ್ನು ಬಿಟ್ಟನು; ೧೯೮೦ನೆಯ ಜನವರಿಯಲ್ಲಿ ಅದೇ ರಾಯಭಾರಿ ಕಚೇರಿಗೆ ಹೋದನು. ಅವನ ಕೈಯಲ್ಲಿ ಆಗ ಯಾವ ಕಾಗದವೂ ಇರಲಿಲ್ಲ. ಅವನು ಮಾರಿದ್ದು ತನ್ನ ನೆನಪನ್ನೆ. ಬಂದ ಹಣ ಸುಮಾರು ೩೫,೦೦೦ ಡಾಲರು.

ಮೂರನೆಯವನು ಆಲ್ಡ್ರಿಚ್ ಏಮ್ಸ್. ಇವನು ಕೇಂದ್ರ ಗುಪ್ತಚರ ಸಂಸ್ಥೆಯ ಅಧಿಕಾರಿ. ವಿವಾಹವಿಚ್ಛೇದದಿಂದಲೂ ಹೊಸ ಸಂಸಾರದ ವೆಚ್ಚದಿಂದಲೂ ಸಾಲದಲ್ಲಿದ್ದ ಇವನು ೧೯೮೫ನೆಯ ಏಪ್ರಿಲ್ ತಿಂಗಳಲ್ಲಿ ೫೦,೦೦೦ ಡಾಲರುಗಳಿಗಾಗಿ ಮೊದಲ ರಹಸ್ಯವನ್ನು ಕೊಟ್ಟನು. ಸಾಲವು ತೀರಿತು, ದ್ರೋಹವು ನಿಲ್ಲಲಿಲ್ಲ. ೧೯೮೯ರಲ್ಲಿ ೫,೪೦,೦೦೦ ಡಾಲರುಗಳ ಮನೆಯನ್ನು ಸಾಲವಿಲ್ಲದೆ ರೊಕ್ಕ ಕೊಟ್ಟು ಕೊಂಡನು. ಹಣ ಎಲ್ಲಿಂದ ಬಂತೆಂದು ಕೇಳಿದವರಿಗೆ ಹೆಂಡತಿಯ ತವರಿನದೆಂದು ಹೇಳುತ್ತಿದ್ದನು. ೧೯೯೪ರ ಫೆಬ್ರವರಿಯಲ್ಲಿ ಸೆರೆಸಿಕ್ಕು ಅದೇ ವರ್ಷ ಆಜೀವ ಕಾರಾವಾಸಕ್ಕೆ ಗುರಿಯಾದನು. ಸೂತ್ರಗಳಲ್ಲಿ ಸಾಲದೊಡನೆ ‘ಮೂಲ ತಿಳಿಯದ ಐಶ್ವರ್ಯ’ವೂ ಒಂದು ದೋಷವಾಗಿ ಏಕೆ ಪಠಿತವಾಗಿದೆಯೆಂಬುದು ಇವನ ಕಥೆಯಿಂದ ವಿಶದವಾಗುತ್ತದೆ.

ಇಲ್ಲಿ ತಾರ್ಕಿಕರು ಎಚ್ಚರಗೊಳ್ಳಬೇಕು. ದ್ರೋಹಿಗಳಲ್ಲಿ ಕೆಲವರು ಸಾಲಗಾರರೆಂಬುದರಿಂದ ಸಾಲಗಾರರೆಲ್ಲರೂ ದ್ರೋಹಿಗಳೆಂದು ಸಾಧಿಸಲಾಗದು. ಪ್ರಾಮಾಣಿಕರಾದ ಸಾಲಗಾರರು ಮನೆಮನೆಯಲ್ಲಿಯೂ ಇದ್ದಾರೆ. ಸಾಲವಿಲ್ಲದ ದ್ರೋಹಿಗಳೂ ಇದ್ದಾರೆ. ಆದಕಾರಣ ಋಣವೆಂಬ ಹೇತುವು ಅನೈಕಾಂತಿಕ. ಅದರಿಂದ ದ್ರೋಹದ ಅನುಮಿತಿಯು ಹುಟ್ಟುವುದಿಲ್ಲ. ಸೂತ್ರಕಾರರೂ ಹುಟ್ಟುತ್ತದೆಂದು ಹೇಳಿಲ್ಲ. ಅವರು ಸಂಭಾವನೆಯನ್ನು ಮಾತ್ರ ಹೇಳಿ, ಆ ಸಂಭಾವನೆಯನ್ನು ಪರಿಹರಿಸುವ ಮಾರ್ಗಗಳನ್ನೂ ಅಲ್ಲಿಯೇ ಕೊಟ್ಟಿದ್ದಾರೆ.

೪

ಇಷ್ಟು ಹಣಕ್ಕೆ ಮೇಲ್ಪಟ್ಟ ಸಾಲವಿದ್ದರೆ ಅನರ್ಹನೆಂಬ ಗಣಿತವು ಆ ಸೂತ್ರಗಳಲ್ಲಿ ಎಲ್ಲಿಯೂ ಇಲ್ಲ. ಮನೆಗಾಗಿಯೋ ವಿದ್ಯೆಗಾಗಿಯೋ ಸಾಲಮಾಡಿ ಕ್ರಮವಾಗಿ ಕಂತು ಕಟ್ಟುತ್ತಿರುವವನು ದೋಷಿಯಲ್ಲವೇ ಅಲ್ಲ. ತೀರಿಸಲು ಶಕ್ತಿಯಿಲ್ಲದಿರುವುದನ್ನೂ ಶಕ್ತಿಯಿದ್ದರೂ ತೀರಿಸಲು ಮನಸ್ಸಿಲ್ಲದಿರುವುದನ್ನೂ ಅವು ಬೇರೆಬೇರೆಯಾಗಿ ಹೇಳುತ್ತವೆ. ಎರಡೂ ವಿಚಾರಕ್ಕೆ ಬರುವ ದೋಷಗಳೇ. ಆದರೆ ಅಶಕ್ತಿಗೆ ಪರಿಹಾರಗಳು ಅನೇಕವಾಗಿ ಉಕ್ತವಾಗಿವೆ. ಅನಿಚ್ಛೆಗೆ ಅಷ್ಟು ಸುಲಭವಾದ ಪರಿಹಾರವಿಲ್ಲ.

ಪರಿಹಾರಗಳಲ್ಲಿ ಮುಖ್ಯವಾದುವನ್ನು ಹೇಳುತ್ತೇನೆ. ದೋಷವು ಬಹುಕಾಲದ ಹಿಂದಿನದಾಗಿ ಮತ್ತೆ ಬರುವ ಸಂಭವವಿಲ್ಲದಿರುವುದು ಮೊದಲನೆಯದು. ಎರಡನೆಯದು, ಸಾಲದ ಕಾರಣವು ಬಹುಮಟ್ಟಿಗೆ ತನ್ನ ಕೈಮೀರಿದ್ದಾಗಿರುವುದು. ಉದ್ಯೋಗನಷ್ಟ, ವ್ಯಾಪಾರದ ಕುಸಿತ, ಅನಿರೀಕ್ಷಿತವಾದ ರೋಗ, ಮರಣ, ವಿವಾಹವಿಚ್ಛೇದ, ವಂಚಕ ಸಾಲಗಾರಿಕೆಗೆ ಬಲಿಬಿದ್ದಿರುವುದು ಇವು ಅಲ್ಲಿ ಉದಾಹೃತವಾಗಿವೆ. ಆದರೆ ಇಲ್ಲಿ ಇನ್ನೊಂದು ಅಂಗವು ಸೇರಬೇಕು: ಆ ಕಷ್ಟದಲ್ಲಿಯೂ ಅವನು ಹೊಣೆಯರಿತು ನಡೆದಿರಬೇಕು. ವಿಪತ್ತು ಬಂದಿತೆಂಬ ಮಾತ್ರಕ್ಕೆ ಪರಿಹಾರವಾಗುವುದಿಲ್ಲ. ವಿಪತ್ತಿನಲ್ಲಿ ಹೇಗೆ ನಡೆದುಕೊಂಡನೆಂಬುದನ್ನೂ ನೋಡುತ್ತಾರೆ. ಮೂರನೆಯದು, ಯೋಗ್ಯರಾದ ಸಾಲಸಲಹೆಗಾರರ ನೆರವು ಪಡೆದು ಸ್ಥಿತಿಯನ್ನು ಹತೋಟಿಗೆ ತಂದುಕೊಂಡಿರುವುದು. ನಾಲ್ಕನೆಯದು, ಸಾಲಕೊಟ್ಟವರೊಡನೆ ಸದ್ಭಾವದಿಂದ ಏರ್ಪಾಡು ಮಾಡಿಕೊಂಡು ಅದರಂತೆ ನಡೆಯುತ್ತಿರುವುದು. ಐದನೆಯದು, ಸಾಲವೇ ತನ್ನದಲ್ಲವೆನ್ನಲು ನ್ಯಾಯವಾದ ಆಧಾರವನ್ನು ದಾಖಲೆಯಿಂದ ತೋರಿಸುವುದು. ತೆರಿಗೆಯ ಬಾಕಿಯಿದ್ದರೆ ಸಂಬಂಧಪಟ್ಟ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು ಅದಕ್ಕೆ ಬದ್ಧನಾಗಿರುವುದೂ ಪರಿಹಾರವಾಗುತ್ತದೆ.

ಸಾಲವೆಲ್ಲವೂ ತೀರಿಯೇ ಇರಬೇಕೆಂಬ ನಿರ್ಬಂಧವಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ತೀರಿಸುವ ಕ್ರಮವೊಂದನ್ನು ನಿಶ್ಚಯಿಸಿ ಆ ಕ್ರಮದಲ್ಲಿ ಗಣನೀಯವಾಗಿ ಮುಂದುವರಿದಿದ್ದರೆ ಸಾಕಾಗಬಹುದೆಂಬುದು ಅಲ್ಲಿಯ ಮೇಲ್ಮನವಿ ಮಂಡಲಿಯ ಸ್ಥಿರವಾದ ಮತ. ಮುಂದೆ ತೀರಿಸುವೆನೆಂಬ ಬರಿಯ ವಾಗ್ದಾನವನ್ನು ಮಾತ್ರ ಅವರು ಪ್ರಯತ್ನವೆಂದು ಎಣಿಸುವುದಿಲ್ಲ, ರಸೀತಿಯನ್ನು ಕೇಳುತ್ತಾರೆ.

ಇನ್ನೊಂದು ಸೂಕ್ಷ್ಮವುಂಟು. ಕಾಲಾವಧಿ ಮೀರಿದ ಸಾಲವನ್ನು ನ್ಯಾಯಾಲಯದ ಮೂಲಕ ವಸೂಲು ಮಾಡಲಾಗದು. ಹಾಗಾದರೆ ಸಾಲವು ಹೋಯಿತಲ್ಲ ಎಂದು ಅರ್ಜಿದಾರನು ವಾದಿಸಬಹುದು. ಅವಧಿ ಮೀರಲೆಂದು ಕಾದು ಕುಳಿತದ್ದು ಸದ್ಭಾವದ ಪ್ರಯತ್ನವಾಗದೆಂದು ಆ ಮಂಡಲಿಯು ಹೇಳುತ್ತದೆ. ವಸೂಲಾತಿಯ ಮಾರ್ಗವು ಮುಚ್ಚಿದರೂ ಶೀಲದ ವಿಚಾರವು ಮುಚ್ಚುವುದಿಲ್ಲ. ತಂದೆಯ ಸಾಲವನ್ನು ಮಗನು ತೀರಿಸತಕ್ಕದ್ದೆಂದೂ, ತೀರಿಸದ ಋಣವು ಲೋಕಾಂತರದವರೆಗೆ ಹಿಂಬಾಲಿಸುವುದೆಂದೂ ಹೇಳಿದ ನಮ್ಮ ಸ್ಮೃತಿಕಾರರಿಗೆ ಈ ಮಾತು ವಿಪರೀತವಾಗಿ ತೋರುತ್ತಿರಲಿಲ್ಲ.

೫

ಇನ್ನು ಅಪಹ್ನವದ ವಿಚಾರ. ಅಲಂಕಾರಶಾಸ್ತ್ರದಲ್ಲಿ ಇರುವುದನ್ನು ಇಲ್ಲವೆನ್ನುವುದು ಅಪಹ್ನುತಿಯೆಂಬ ಶೋಭೆ. ಮುಖವನ್ನು ಮುಖವಲ್ಲ, ಚಂದ್ರನೆಂದರೆ ಸಹೃದಯರು ತಲೆದೂಗುತ್ತಾರೆ. ವ್ಯವಹಾರದಲ್ಲಿ ಇರುವ ಸಾಲವನ್ನು ಇಲ್ಲವೆಂದರೆ ಅದೇ ಅಪಹ್ನವವೆಂಬ ದೋಷ.

ಅರ್ಜಿದಾರನು ತುಂಬಬೇಕಾದ ಪ್ರಶ್ನಾವಳಿಯು ಬಹುಕಾಲದಿಂದ ೮೬ನೆಯ ನಮೂನೆಯೆಂದು ಪ್ರಸಿದ್ಧವಾಗಿದೆ. ಅದರ ೨೬ನೆಯ ವಿಭಾಗವು ಧನಸ್ಥಿತಿಯನ್ನು ಕುರಿತದ್ದು. ಕಳೆದ ಏಳು ವರ್ಷಗಳಲ್ಲಿ ದಿವಾಳಿ ಅರ್ಜಿ ಹಾಕಿದ್ದುಂಟೆ, ತೆರಿಗೆ ಕಟ್ಟದೆ ಬಿಟ್ಟದ್ದುಂಟೆ, ಯಾವ ಸಾಲವಾದರೂ ೧೨೦ ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಬಿದ್ದದ್ದುಂಟೆ ಎಂದು ಅಲ್ಲಿ ಕೇಳಿದೆ. ಅರ್ಜಿದಾರನು ತನ್ನ ಉತ್ತರಗಳು ನಿಜವೆಂದು ರುಜು ಹಾಕಬೇಕು. ತಿಳಿದೂ ತಿಳಿದೂ ಸುಳ್ಳು ಬರೆದರೆ ಐದು ವರ್ಷಗಳವರೆಗೆ ಕಾರಾವಾಸ ವಿಧಿಸಲು ಅವರ ಶಾಸನದಲ್ಲಿ ಅವಕಾಶವಿದೆ. ತನಿಖೆಗಾರರು ಸಾಲದ ಲೆಕ್ಕವಿಡುವ ಸಂಸ್ಥೆಗಳಿಂದ ನೇರವಾಗಿ ವರದಿಯನ್ನು ತರಿಸುತ್ತಾರೆ. ಹೀಗಿರುವುದರಿಂದ ಮರೆಮಾಚಿದ ಸಾಲವು ಮರೆಯಾಗಿ ಉಳಿಯುವುದು ವಿರಳ. ಪ್ರಶ್ನೆಯನ್ನು ಕೇಳುವುದು ಸಾಲವನ್ನು ತಿಳಿಯುವುದಕ್ಕೆ ಮಾತ್ರವಲ್ಲ, ಉತ್ತರ ಕೊಡುವವನನ್ನು ತಿಳಿಯುವುದಕ್ಕೆ.

ಐದನೆಯ ಪ್ರಕರಣವು ಇದನ್ನೇ ವಿಚಾರಿಸುತ್ತದೆ. ಪ್ರಶ್ನಾವಳಿಯಲ್ಲಿ ಮುಖ್ಯ ಸಂಗತಿಯನ್ನು ಬೇಕೆಂದೇ ಬಿಡುವುದು, ಅಡಗಿಸುವುದು, ಸುಳ್ಳಾಗಿ ಬರೆಯುವುದು ಇವು ಅಲ್ಲಿ ಪ್ರಧಾನ ದೋಷಗಳು. ‘ಬೇಕೆಂದೇ’ ಎಂಬ ವಿಶೇಷಣಕ್ಕೆ ಬಹಳ ಬೆಲೆಯಿದೆ. ಮರೆವಿನಿಂದಲೋ ಪ್ರಶ್ನೆಯನ್ನು ತಪ್ಪಾಗಿ ಗ್ರಹಿಸಿದ್ದರಿಂದಲೋ ಬಿಟ್ಟುಹೋದದ್ದು ಅಪಹ್ನವವಲ್ಲ. ನಮ್ಮ ಪ್ರಾಯಶ್ಚಿತ್ತಕಾಂಡದಲ್ಲಿ ಬುದ್ಧಿಪೂರ್ವಕ, ಅಬುದ್ಧಿಪೂರ್ವಕ ಎಂದು ಪಾಪಗಳಲ್ಲಿ ಭೇದ ಮಾಡಿರುವಂತೆಯೇ ಇದು. ಬುದ್ಧಿಪೂರ್ವಕವಾದ ಮರೆಮಾಚುವಿಕೆಗೂ ಒಂದು ಮುಖ್ಯವಾದ ಪರಿಹಾರವನ್ನು ಹೇಳಿದ್ದಾರೆ: ಅಧಿಕಾರಿಗಳು ಸಂಗತಿಯನ್ನು ಮುಂದಿಟ್ಟು ಕೇಳುವುದಕ್ಕೆ ಮುಂಚೆಯೇ, ವಿಳಂಬವಿಲ್ಲದೆ, ತಾನಾಗಿ ಮುಂದೆ ಬಂದು ತಿದ್ದಿಕೊಳ್ಳುವುದು. ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವುದಕ್ಕೆ ಆ ಬೆಲೆಯಿಲ್ಲ.

ಇದರ ಫಲವನ್ನು ವಿಚಾರಿಸಿದರೆ ಲೋಕವ್ಯವಹಾರಕ್ಕೆ ವಿರುದ್ಧವಾದ ಒಂದು ಸಂಗತಿಯು ಕಾಣಬರುತ್ತದೆ. ರೋಗದ ಕಾರಣದಿಂದ ಸಾಲಮಾಡಿ, ಬಾಕಿಯನ್ನು ಯಥಾವತ್ತಾಗಿ ಬರೆದು, ಕಂತು ಕಟ್ಟುತ್ತಿರುವ ರಸೀತಿಯನ್ನು ಲಗತ್ತಿಸಿದವನಿಗೆ ಒಂದೇ ಪ್ರಕರಣದ ವಿಚಾರ. ಅದಕ್ಕೂ ಪರಿಹಾರವು ಕೈಯಲ್ಲಿಯೇ ಇದೆ. ಅದೇ ಸಾಲವನ್ನು ಲಜ್ಜೆಯಿಂದ ಅಡಗಿಸಿದವನಿಗೆ ಎರಡು ಪ್ರಕರಣಗಳು ಮೇಲೆ ಬೀಳುತ್ತವೆ. ಸಾಲಕ್ಕೆ ಹೇಳಬಹುದಾಗಿದ್ದ ಸಮಾಧಾನವನ್ನೂ ಸುಳ್ಳು ನುಂಗಿಬಿಡುತ್ತದೆ. ಸುಳ್ಳಾಡಿದವನ ಸಮಾಧಾನವನ್ನು ನಂಬುವವರು ಯಾರು? ಅಲ್ಲದೆ ಅಡಗಿಸಿದ ಸಂಗತಿಯು ಬಯಲಾಗುವುದೆಂಬ ಭಯವುಳ್ಳವನನ್ನು ಶತ್ರುವು ಆ ಭಯದಿಂದಲೇ ಹಿಡಿಯಬಲ್ಲನು. ಮೇಲೆ ಹೇಳಿದ ಕೌಟಿಲ್ಯನ ವರ್ಗಗಳಲ್ಲಿ ಅವನು ಲುಬ್ಧವರ್ಗದಿಂದ ಭೀತವರ್ಗಕ್ಕೂ ಸೇರಿದಂತಾಯಿತು.

ಇಲ್ಲಿ ನಮ್ಮ ವ್ಯವಹಾರಶಾಸ್ತ್ರವನ್ನು ಸ್ಮರಿಸದೆ ಇರಲಾಗದು. ಮನುವು ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವನ್ನೇ ಮೊದಲು ಇಟ್ಟನು. ಅಲ್ಲಿ ದಂಡವನ್ನು ವಿಧಿಸುವಾಗ, ಸಭೆಯಲ್ಲಿ ಸಾಲವನ್ನು ಒಪ್ಪಿಕೊಂಡವನಿಗೆ ನೂರಕ್ಕೆ ಐದರಂತೆಯೂ, ಇಲ್ಲವೆಂದು ಅಪಹ್ನವ ಮಾಡಿದವನಿಗೆ ಅದರ ಇಮ್ಮಡಿಯಾಗಿಯೂ ವಿಧಿಸಿದನು. ಸಾಲ ಒಂದೇ, ಹಣ ಒಂದೇ. ದಂಡದಲ್ಲಿ ಹೆಚ್ಚಿದ ಭಾಗವು ಸುಳ್ಳಿಗೆ ಕಟ್ಟಿದ ಬೆಲೆ.

ಯಾಜ್ಞವಲ್ಕ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ವಾದಿಯು ಅನೇಕ ಬಾಬುಗಳನ್ನು ಬರೆದಿರುವಾಗ ಪ್ರತಿವಾದಿಯು ಎಲ್ಲವನ್ನೂ ಅಲ್ಲಗಳೆದರೆ, ಅವುಗಳಲ್ಲಿ ಒಂದು ಭಾಗವು ಸಿದ್ಧವಾದರೂ ಸಮಸ್ತವನ್ನೂ ಕೊಡಿಸತಕ್ಕದ್ದೆಂಬುದು ಅವನ ವಿಧಿ. ಕನ್ನಡನಾಡಿನ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದಕ್ಕೆ ಕೊಟ್ಟ ಉಪಪತ್ತಿಯು ಮನನೀಯವಾಗಿದೆ. ಒಂದು ಅಂಶದಲ್ಲಿ ಸುಳ್ಳುಗಾರನೆಂದು ನಿಶ್ಚಯವಾದವನು ಇನ್ನೊಂದು ಅಂಶದಲ್ಲಿಯೂ ಸುಳ್ಳುಗಾರನಾಗಿರುವುದು ಸಂಭವನೀಯವೆಂದು ಆತನ ಆಶಯ. ಇದು ನಿಶ್ಚಯಪ್ರಮಾಣವಲ್ಲ, ತರ್ಕವೆಂಬ ಸಂಭಾವನೆಯೆಂಬುದನ್ನೂ ಆತನು ಮರೆಯದೆ ಹೇಳಿದ್ದಾನೆ. ಕಲ್ಯಾಣದ ಪಂಡಿತನ ಈ ವಿಚಾರವೂ, ಅಮೆರಿಕದ ನಿರ್ಣಾಯಕರು ಸುಳ್ಳಾಡಿದ ಅರ್ಜಿದಾರನ ಉಳಿದ ಮಾತುಗಳನ್ನು ತೂಗುವ ರೀತಿಯೂ ಒಂದೇ ಜಾಡಿನಲ್ಲಿ ಸಾಗುತ್ತವೆ. ಅವರು ಇವನಿಂದ ಕಲಿತರೆಂದು ನಾನು ಹೇಳುವುದಿಲ್ಲ. ಮನುಷ್ಯಸ್ವಭಾವವನ್ನು ಸೂಕ್ಷ್ಮವಾಗಿ ನೋಡಿದವರಿಗೆ ಎರಡು ದೇಶಗಳಲ್ಲಿಯೂ ಒಂದೇ ಸಂಗತಿ ಕಂಡಿತೆಂದಷ್ಟೆ ಹೇಳುತ್ತೇನೆ.

೬

ಪೂರ್ವಪಕ್ಷವೊಂದನ್ನು ಪರಾಮರ್ಶಿಸಬೇಕಾಗಿದೆ. ಬಡವನಿಗೆ ಸಾಲ ಬರುವುದು ಸಹಜ, ಧನಿಕನಿಗೆ ವಿರಳ. ಆದುದರಿಂದ ಸಾಲವನ್ನು ನೋಡುವ ಪರೀಕ್ಷೆಯು ಬಡವರ ಮೇಲೆ ಮಾತ್ರ ಬೀಳತಕ್ಕ ಪರೀಕ್ಷೆಯೆಂದು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಬಲವಿಲ್ಲವೆಂದು ನಾನು ಹೇಳಲಾರೆ. ರೋಗವೂ ಉದ್ಯೋಗನಷ್ಟವೂ ಉಳಿತಾಯವಿದ್ದವನನ್ನು ತಟ್ಟುವಂತೆಯೇ ಇಲ್ಲದವನನ್ನೂ ತಟ್ಟುತ್ತವೆ. ಆದರೆ ಮೊದಲನೆಯವನ ಹೆಸರು ಬಾಕಿದಾರರ ಪಟ್ಟಿಗೆ ಬರುವುದಿಲ್ಲ, ಎರಡನೆಯವನದು ಬರುತ್ತದೆ. ರಸೀತಿಗಳನ್ನು ಕೂಡಿಟ್ಟು, ಸಲಹೆಗಾರರನ್ನು ಕಂಡು, ನಿಯಮಗಳನ್ನು ತಿಳಿದು ಉತ್ತರ ಬರೆಯುವ ಸೌಕರ್ಯವೂ ಎಲ್ಲರಿಗೂ ಸಮನಾಗಿಲ್ಲ.

ಆದರೂ ಮೂರು ಸಮಾಧಾನಗಳುಂಟು. ನಿರ್ಣಾಯಕರು ಒಂದೊಂದು ದೋಷವನ್ನು ಬಿಡಿಯಾಗಿ ನೋಡದೆ ಇಡಿಯ ಮನುಷ್ಯನನ್ನು ನೋಡಬೇಕೆಂದು ವಿಧಿಸಿದೆ. ದೋಷದ ಗುರುತ್ವ, ಅದು ನಡೆದ ಸಂದರ್ಭ, ಎಷ್ಟು ಸಲ ಯಾವಾಗ ನಡೆಯಿತೆಂಬುದು, ಆಗಿನ ವಯಸ್ಸು, ಸ್ವೇಚ್ಛೆ, ತಿದ್ದಿಕೊಂಡಿರುವಿಕೆ, ಉದ್ದೇಶ, ಬಲಾತ್ಕಾರಕ್ಕೆ ಸಿಕ್ಕುವ ಸಂಭವ, ಮರುಕಳಿಸುವ ಸಂಭವ ಎಂಬ ಒಂಬತ್ತು ಅಂಶಗಳನ್ನು ತೂಗಬೇಕು. ಇದು ಒಂದು. ಸರ್ಕಾರದ ಗುತ್ತಿಗೆಯ ಸಂಸ್ಥೆಗಳಲ್ಲಿ ಕೆಲಸಮಾಡುವವನಿಗೆ ಅನುಮತಿಯನ್ನು ನಿರಾಕರಿಸಲು ಉದ್ದೇಶಿಸಿದರೆ, ಕಾರಣಗಳನ್ನು ಲಿಖಿತವಾಗಿ ತಿಳಿಸಿ, ಉತ್ತರವನ್ನು ಪಡೆದು, ಅವನು ಬೇಡಿದರೆ ರಕ್ಷಣಾ ಇಲಾಖೆಯ ವಿಚಾರಣಾಧಿಕಾರಿಯ ಮುಂದೆ ವಿಚಾರಣೆಯನ್ನೂ ನಡೆಸಬೇಕು. ವಿವಾದಾಸ್ಪದವಾದ ಸಂಗತಿಯನ್ನು ಸಾಧಿಸುವ ಭಾರವು ಸರ್ಕಾರದ್ದು. ಪರಿಹಾರವನ್ನು ಸಾಧಿಸುವ ಭಾರವು ಅರ್ಜಿದಾರನದು. ೧೯೫೯ರಲ್ಲಿ ಶ್ರೇಷ್ಠ ನ್ಯಾಯಾಲಯವು ಗ್ರೀನ್ ಎಂಬವರ ವ್ಯವಹಾರದಲ್ಲಿ ಕೊಟ್ಟ ತೀರ್ಪಿನ ತರುವಾಯ, ೧೯೬೦ನೆಯ ೧೦೮೬೫ನೆಯ ಆಜ್ಞೆಯಿಂದ ಈ ಕ್ರಮಕ್ಕೆ ತಳಹದಿ ಬಿತ್ತು. ಇದು ಎರಡು.

ಮೂರನೆಯದು ಪರೀಕ್ಷಾರೀತಿಗೆ ಸಂಬಂಧಿಸಿದ್ದು. ಕೌಟಿಲ್ಯನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಅಮಾತ್ಯರನ್ನು ಪರೀಕ್ಷಿಸುವ ಕ್ರಮವನ್ನು ವಿವರಿಸಿದ್ದಾನೆ. ಅಲ್ಲಿ ಗೂಢವಾಗಿ ಪ್ರಲೋಭನವನ್ನು ಒಡ್ಡಿ, ಅದಕ್ಕೆ ಬಿದ್ದನೆ, ನಿಂತನೆ ಎಂದು ನೋಡುತ್ತಾರೆ. ಅರ್ಥೋಪಧೆಯಲ್ಲಿ ಶುದ್ಧನಾದವನನ್ನು ತೆರಿಗೆ ಮತ್ತು ಭಂಡಾರದ ಕಾರ್ಯಕ್ಕೆ, ಎಲ್ಲದರಲ್ಲಿಯೂ ಶುದ್ಧನಾದವನನ್ನು ಮಂತ್ರಿಪದವಿಗೆ ನಿಯಮಿಸತಕ್ಕದ್ದೆಂದು ವ್ಯವಸ್ಥೆ. ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಕೌಟಿಲ್ಯನು ತನ್ನ ಸ್ವಂತ ಅಭಿಪ್ರಾಯವನ್ನು ಹೇಳಿ ಎಚ್ಚರಿಸುತ್ತಾನೆ: ರಾಜನಾಗಲಿ ರಾಣಿಯಾಗಲಿ ಇಂಥ ಪರೀಕ್ಷೆಗೆ ಗುರಿಯಾಗಕೂಡದು, ಕೆಡದವನನ್ನು ಕೆಡಿಸುವುದು ನೀರಿಗೆ ವಿಷವಿಕ್ಕಿದಂತೆ, ಕೆಟ್ಟುಹೋದವನಿಗೆ ಮತ್ತೆ ಔಷಧ ಸಿಕ್ಕದೆ ಹೋಗಬಹುದು. ಕೃತಕವಾಗಿ ಪ್ರಲೋಭನವನ್ನು ಒಡ್ಡುವುದಕ್ಕಿಂತ, ಸಂಸಾರವು ಆಗಲೇ ಒಡ್ಡಿರುವ ಪರೀಕ್ಷೆಯಲ್ಲಿ ಅವನು ಹೇಗೆ ನಡೆದನೆಂದು ನೋಡುವುದು ಮೃದುವಾದ ಮಾರ್ಗ. ಸಾಲವು ಅಂಥ ಪರೀಕ್ಷೆಗಳಲ್ಲಿ ಒಂದು. ಏಮ್ಸನು ೧೯೮೬ರಲ್ಲಿಯೂ ೧೯೯೧ರಲ್ಲಿಯೂ ಸುಳ್ಳನ್ನು ಕಂಡುಹಿಡಿಯುವ ಯಂತ್ರದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದನು. ಯಂತ್ರವು ಹೇಳದೆ ಇದ್ದುದನ್ನು ಅವನ ಮನೆಯ ಕ್ರಯವು ಹೇಳುತ್ತಿತ್ತು.

ಪರೀಕ್ಷೆಯು ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ಪೂರ್ವದಲ್ಲಿ ಐದು ಅಥವಾ ಹತ್ತು ವರ್ಷಗಳಿಗೊಮ್ಮೆ ಮರುತನಿಖೆ ನಡೆಯುತ್ತಿತ್ತು. ಈಗ ಅದರ ಸ್ಥಾನದಲ್ಲಿ ದಾಖಲೆಗಳನ್ನು ನಿರಂತರವಾಗಿ ಪರಿಶೀಲಿಸುವ ಪದ್ಧತಿಯು ಬಂದಿದೆ. ದಿವಾಳಿಯಾಗುವುದು, ೧೨೦ ದಿನ ಮೀರಿದ ಬಾಕಿ, ೧೦,೦೦೦ ಡಾಲರು ಅಥವಾ ಅದಕ್ಕೆ ಮೇಲ್ಪಟ್ಟು ಅಸಾಧಾರಣವಾಗಿ ಬಂದ ಹಣ ಮೊದಲಾದುವನ್ನು ಉಚ್ಚ ದರ್ಜೆಯ ಅನುಮತಿಯುಳ್ಳವನು ತಾನಾಗಿಯೇ ವರದಿಮಾಡಬೇಕು. ಹೇಳುವವನ ಹೊಣೆಯು ಹೀಗೆ ದಿನದಿನದ್ದಾಗಿದೆ.

೭

ಇನ್ನು ಉಪಸಂಹಾರ. ಕನ್ನಡಿಗರಾದ ನಮಗೆ ಈ ತತ್ತ್ವಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ರಾಘವಾಂಕನ ಹರಿಶ್ಚಂದ್ರನು ಸಾಲಗಾರನಲ್ಲವೆ? ನಕ್ಷತ್ರಿಕನು ಹೆಜ್ಜೆಹೆಜ್ಜೆಗೂ ಬೆನ್ನುಬಿಡದೆ ಕಾಡಿದ ಸಾಲವದು; ಬಿಡದೆ ಕಾಡುವವನಿಗೆ ಆ ಹೆಸರೇ ನಮ್ಮ ಮಾತಿನಲ್ಲಿ ನಿಂತುಹೋಯಿತು. ಹೆಂಡತಿಮಕ್ಕಳನ್ನೂ ತನ್ನನ್ನೂ ಕಾಶಿಯಲ್ಲಿ ಮಾರಬೇಕಾಗಿ ಬಂದರೂ ಆತನು ಸಾಲವನ್ನು ಅಲ್ಲಗಳೆಯಲಿಲ್ಲ. ಧನದ ಲೆಕ್ಕದಲ್ಲಿ ಅವನಷ್ಟು ದಿವಾಳಿಯಾದವನಿಲ್ಲ. ಸತ್ಯದ ಲೆಕ್ಕದಲ್ಲಿ ಅವನಷ್ಟು ನಂಬತಕ್ಕವನಿಲ್ಲ. ಈ ಕಾವ್ಯವನ್ನು ಪಾಠ ಹೇಳುವ ಉಪಾಧ್ಯಾಯರು ಋಣಕ್ಕೂ ಅನೃತಕ್ಕೂ ಇರುವ ಭೇದವನ್ನು ಮಕ್ಕಳಿಗೆ ಇಲ್ಲಿ ತೋರಿಸಿಕೊಡಬಹುದು.

ಇದಕ್ಕೆ ವಿರುದ್ಧವಾದ ಒಂದು ಅಭ್ಯಾಸವೂ ನಮ್ಮ ಮನೆಗಳಲ್ಲಿ ಬೇರೂರಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಸಾಲವನ್ನು ಶೂಲವೆನ್ನುತ್ತೇವೆ, ಆ ಶೂಲವನ್ನು ಅಂಗವಸ್ತ್ರದಡಿಯಲ್ಲಿ ಮುಚ್ಚಿಟ್ಟು ನಡೆಯುವುದನ್ನು ಮರ್ಯಾದೆಯೆನ್ನುತ್ತೇವೆ. ಮದುವೆಯ ಮಾತುಕತೆಯಲ್ಲಿ, ನೆಂಟರ ನಡುವೆ, ಕಡೆಗೆ ಮಕ್ಕಳ ಮುಂದೆಯೂ ಸಾಲವಿಲ್ಲವೆಂದು ನಟಿಸುವುದು ಕುಲದ ಗೌರವವೆಂದು ತಿಳಿದು ಬಂದಿದ್ದೇವೆ. ಹಾಗೆ ಬೆಳೆದ ಹುಡುಗನು ದೂರದೇಶದಲ್ಲಿ ಒಂದು ಪ್ರಶ್ನಾವಳಿಯ ಮುಂದೆ ಕುಳಿತಾಗ ಅವನ ಕೈಯನ್ನು ಹಿಡಿಯುವುದು ದುರಾಶೆಯಲ್ಲ, ಈ ಲಜ್ಜೆ. ಅವನನ್ನು ಕೆಡಿಸುವುದೂ ಆ ಲಜ್ಜೆಯೇ.

ನನ್ನ ಶಿಷ್ಯನಿಗೆ ಇಷ್ಟನ್ನೆಲ್ಲ ವಿವರಿಸಿ ಕಾಗದ ಬರೆದೆನು. ಬಾಕಿಯ ಮೊತ್ತವನ್ನೂ ಕಾರಣವನ್ನೂ ಕಟ್ಟಿದ ಕಂತುಗಳನ್ನೂ ಬಿಡದೆ ಬರೆದು ರುಜು ಹಾಕಿದೆನೆಂದು ಅವನಿಂದ ಉತ್ತರ ಬಂದಿದೆ. “ತಂದೆಯವರ ಹೆಸರನ್ನು ಸಾಲದ ಪಟ್ಟಿಯ ಪಕ್ಕದಲ್ಲಿ ಬರೆಯುವಾಗ ಕೈ ನಡುಗಿತು, ಬರೆದ ಮೇಲೆ ಹಗುರವಾಯಿತು” ಎಂದು ಅದರಲ್ಲಿ ಒಂದು ಸಾಲು ಇತ್ತು. ನಿರ್ಣಯವನ್ನು ಕೊಡುವುದು ಆ ದೇಶದ ಅಧಿಕಾರಿಗಳಿಗೆ ಸೇರಿದ ವಿಷಯ. ಮನುವಿನ ಲೆಕ್ಕದಲ್ಲಿ ಮಾತ್ರ ಅವನು ಇಮ್ಮಡಿ ದಂಡದಿಂದ ಈಗಲೇ ಪಾರಾಗಿದ್ದಾನೆ.